ಮೂರು ದಿನದ ಬಾಡಿಗೆದಾರಳು

ಜನವರಿ 14

ಅಕ್ಕಾ,

ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಬಲಗೈ ಎದೆಯ ಮೇಲಿಟ್ಟುಕೊಂಡು (ಎಡಗೈಯಲ್ಲಿ ಬರೆಯಲು ಬಾರದ್ದರಿಂದ ಆಗಾಗ ತೆಗೆದು) ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಭಾನುವಾರ ಬೆಳಗ್ಗೆ ಹನ್ನೊಂದೂವರೆಗೆ, ನಮ್ಮಿಬ್ಬರ ಜಂಟಿ ಆಸ್ತಿಯಾದ ಮಹಡಿ ಮನೆಯ ಮೆಟ್ಟಿಲಿನಿಂದ ಒಂದು ಬಲ್ಬು ಕದ್ದವನು ನಾನೇ. ಅದರಲ್ಲಿ ಅರ್ಧ ನನ್ನದೇ ಆದ್ದರಿಂದ ಕದ್ದದ್ದು ಅರ್ಧ ಬಲ್ಬು ಮಾತ್ರ. ಆದರೆ ಅರ್ಧ ಬಲ್ಬನ್ನು ಅಲ್ಲೇ ಬಿಟ್ಟು ಬರುವ ವಿದ್ಯೆ ನನಗೆ ಗೊತ್ತಿಲ್ಲ.

ನಿನ್ನನ್ನು ನೋಡೋಣ ಅಂತಲೇ ಬಂದೆ. ಕೆಳಗೆ ನಿನ್ನ ಮನೆಗೆ ಬೀಗ. ಮಹಡಿಗೂ ಬೀಗ. ಮನೆಯಲ್ಲಿ ಯಾರೂ ಇಲ್ಲ, ಮೆಟ್ಟಿಲಲ್ಲಿ ಮಾತ್ರ ಹಾಡುಹಗಲೇ ಬಲ್ಬು ಉರಿಯುತ್ತಿದೆ! ಹೊಟ್ಟೆ ಉರಿಯಿತು. ಒಂದೇ ಆಸ್ತಿಯ ಮೇಲೆ ಎರಡು ಉರಿ ಬೇಡ ಅಂತ ತಿರುಗಿಸಿ ತೆಗೆದೆ. ತೆಗೆಯುವಾಗ ಹೋಲ್ಡರ್ ಕೂಡ ಟಕ್ ಅಂತ ಮುರಿಯಿತು. ಅದನ್ನೂ ದೋಷಾರೋಪ ಪಟ್ಟಿಗೆ ಸೇರಿಸಿಕೋ. ಈ ಕಾಗದವನ್ನು ಅದೇ ಬಲ್ಬಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ಈಗ ನಿನ್ನ ಅಪರಾಧ. ನನ್ನನ್ನು ಒಂದು ಮಾತು ಕೇಳದೆ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೀಯ. ಮೂವತ್ತು ವರ್ಷ ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡಿದವನು ನಾನು. ನಿವೃತ್ತಿಯ ಹಣದಲ್ಲಿ ಅರ್ಧ ಮನೆ ಕೊಂಡವನು ನಾನು. ಬಾಡಿಗೆದಾರರಿಗೆಂದೇ ಇಪ್ಪತ್ತನಾಲ್ಕು ಪ್ರಶ್ನೆಗಳ ನಮೂನೆ ತಯಾರಿಸಿ ಇಟ್ಟವನೂ ನಾನು. ನೀನು ನಾನು ಬರೆದಿಟ್ಟಿದ್ದ ಕರಾರಿಗೆ ಸಹಿ ಹಾಕಿ "ಒಬ್ಬ ಹೆಂಗಸು, ಒಳ್ಳೆಯವಳು" ಅಂತ ಮೂರು ಪದ ಬರೆದು ಕೈತೊಳೆದುಕೊಂಡೆ. ಅಕ್ಕಾ, ಅರ್ಧ ಮನೆ ಕೊಟ್ಟು ಪೂರಾ ಕತ್ತಲೆಯಲ್ಲಿ ಇಟ್ಟಿದ್ದೀಯ. (ಮೆಟ್ಟಿಲಿನ ಕತ್ತಲೆಯ ಮಾತು ಬೇರೆ.) ನಮೂನೆ ಈ ಲಕೋಟೆಯಲ್ಲೇ ಇದೆ. ತುಂಬಿಸಿ ಕಳಿಸು.

ಫೋನಿನಲ್ಲಿ ಆಸ್ತಿ ಮಾತಾಡಿದರೆ ಇಬ್ಬರಲ್ಲೊಬ್ಬರು ಫೋನ್ ಕುಕ್ಕುತ್ತೇವೆ, ಹಾಗಾಗಿ ಮನೆ ವಿಷಯ ಕಾಗದದಲ್ಲೇ ಎಂದು ಕಾನೂನು ಮಾಡಿದವಳು ನೀನು. ಪಾಲಿಸುತ್ತಿದ್ದೇನೆ.

ನಿನ್ನ
ಸೊನ್ನೆ
(ಚಿಕ್ಕಂದಿನಲ್ಲಿ ಗುಂಡಗಿದ್ದೆ ಅಂತ ನೀನಿಟ್ಟ ಹೆಸರು. ಈಗ ಬೆಲೆ ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ.)

ಜನವರಿ 23

ಸೊನ್ನೆ,

ಬಲ್ಬು ವಾಪಸು ತಂದು ಹಾಕು. ಆ ಮೆಟ್ಟಿಲಿಗೆ ಕಿಟಕಿಯಿಲ್ಲ, ನಡುಹಗಲಲ್ಲೂ ಕತ್ತಲು ಅಂತ ಮನೆ ಕೊಳ್ಳುವಾಗಲೇ ಹೇಳಿದ್ದೆ. ನೀನು ಆಗ ಶೇಕಡಾವಾರು ಲೆಕ್ಕದಲ್ಲಿದ್ದೆ.

ನಿನ್ನ ನಮೂನೆಯನ್ನು ಅವಳಿಗೆ ಓದಿ ಹೇಳಿದೆ. ಮೂರು ಪ್ರಶ್ನೆಗೆ ಉತ್ತರ ಕೊಟ್ಟಳು, ಮಿಕ್ಕಿದ್ದಕ್ಕೆ ನಕ್ಕಳು. ಬರೆದುಕೊಂಡಿದ್ದೇನೆ.

ಮನೆ ಯಾತಕ್ಕೆ ಬೇಕು? – ಸದ್ದು ಕಡಿಮೆ ಅಂತ.
ಕುಟುಂಬದಲ್ಲಿ ಎಷ್ಟು ಜನ? – ಒಬ್ಬರು. ಮಾತಾಡುತ್ತಾರೆ.
ಸಾಕುಪ್ರಾಣಿ ಇದೆಯೇ? – ಹಿಂದಿನ ಪ್ರಶ್ನೆಯಲ್ಲೇ ಹೇಳಿದೆ.

ಸೋಮವಾರ, ಬುಧವಾರ, ಶುಕ್ರವಾರ ಬರುತ್ತಾಳೆ. ಹನ್ನೊಂದಕ್ಕೆ ಬಂದು ಐದಕ್ಕೆ ಹೋಗುತ್ತಾಳೆ. ಬಟ್ಟೆ ಅಂಗಡಿಯೊಂದಕ್ಕೆ ಪ್ಯಾಂಟಿನ ಅಂಚು ಮಡಚಿ ಹೊಲಿದು ಕೊಡುತ್ತಾಳೆ. ಒಂದನೇ ತಾರೀಕು ಬಾಡಿಗೆ ಕೈಗಿಡುತ್ತಾಳೆ. ನಿನ್ನ ಅರ್ಧ ಕಳಿಸಿದ್ದೇನೆ.

ಅಕ್ಕ

ಜನವರಿ 30

ಅಕ್ಕಾ,

"ಹಿಂದಿನ ಪ್ರಶ್ನೆಯಲ್ಲೇ ಹೇಳಿದೆ"! ಓದಿ ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಈ ಹೆಂಗಸಿಗೆ ನಾಲಿಗೆಯಲ್ಲಿ ಸೂಜಿ ಇದೆ. ಪಾಪ, ಆ ಗಂಡ ಎಂಥ ಕೊರೆಯುವ ಪ್ರಾಣಿಯೋ! ನನ್ನ ಭಾನುವಾರದ ಅಂಕಣಕ್ಕೆ ಇದನ್ನು ಹಾಕಿಬಿಟ್ಟೆ. ಅದರಲ್ಲಿ ಖಾಯಂ ಬರುವ "ಮನೆಯೊಡತಿ"ಯ ಬಾಯಲ್ಲಿ ಹೇಳಿಸಿದ್ದೇನೆ. ನಮ್ಮವಳಿಗೆ ಓದಿ ಹೇಳಿದೆ. ಎಂದಿನ ಹಾಗೆ "ಹ್ಞೂಂ" ಅಂದಳು. ನಿನ್ನ ನಾದಿನಿಗೆ ಹಾಸ್ಯ ಅಂದರೆ ಕಲ್ಲಿನ ಮೇಲೆ ಮಳೆ.

ಈಗ ಗಂಭೀರಕ್ಕೆ ಬರೋಣ. ಹಾಕಿದ ಹಣಕ್ಕೆ ನೂರಕ್ಕೆ ಆರು ಬರುತ್ತದೆ ಅಂತ ದಲ್ಲಾಳಿ ಅಂದಿದ್ದ. ದಲ್ಲಾಳಿಗಳ ಆರು ಯಾವತ್ತೂ ಮನೆ ತಲುಪುವ ಆರಲ್ಲ, ದಾರಿಯಲ್ಲೇ ಆರಿಹೋಗುವ ಆರು. ತೆರಿಗೆಗೆ ಮುಕ್ಕಾಲು ತೆಗೆ. ವರ್ಷಕ್ಕೊಂದು ತಿಂಗಳು ಖಾಲಿ ಬಿದ್ದರೆ ಅರ್ಧ ತೆಗೆ. ಬಣ್ಣ, ನಲ್ಲಿ, ಪಂಪು, ತಲೆನೋವು ಸೇರಿ ಇನ್ನರ್ಧ. ಉಳಿಯಿತು ನಾಲ್ಕೂ ಕಾಲು. ಇದೇ ಹಣವನ್ನು ಬ್ಯಾಂಕಿನಲ್ಲಿ ಹೊದ್ದು ಮಲಗಿಸಿದ್ದರೆ ಐದು! ಅಂದರೆ ನಾವು ಇಟ್ಟಿಗೆ ಹೊತ್ತು ನಷ್ಟ ಮಾಡಿಕೊಂಡ ಜಾಣರು.

ಬಾಡಿಗೆಯನ್ನು ಹತ್ತನೇ ಒಂದು ಭಾಗ ಏರಿಸಿ, ಖಾಲಿ ಬೀಳದ ಹಾಗೆ ನೋಡಿಕೊಂಡರೆ ಐದೂ ಕಾಲು ದಾಟುತ್ತದೆ. ಬ್ಯಾಂಕು ಸೋಲುತ್ತದೆ. ಏರಿಸು. ವಾರದಲ್ಲಿ ಮೂರೇ ದಿನ ಬರುವುದರಿಂದ ನೆಲದ ಸವೆತ ಏಳರಲ್ಲಿ ಮೂರು ಪಾಲು ಅನ್ನುವುದನ್ನು ನಾನು ನ್ಯಾಯವಾಗಿಯೇ ಪರಿಗಣಿಸಿದೆ. ಆದರೆ ಹೊಲಿಗೆ ಯಂತ್ರದ ಅದುರಿಕೆ? ಗೋಡೆಗೆ ಅದೂ ಖರ್ಚೇ.

ಯಂತ್ರ ಅಂದಾಗ ನೆನಪಾಯಿತು. ನಮ್ಮವಳ ಹಳೇ ಹೊಲಿಗೆ ಯಂತ್ರ ಹೋದ ವರ್ಷ ಮಾರಿಸಿದೆನಲ್ಲ, ನಾನು ಬರೆಯುವಾಗ ಪ್ರತಿ ವಾಕ್ಯದ ಮೇಲೂ ಗೂಡ್ಸ್ ರೈಲು ಓಡಿಸುತ್ತಿತ್ತು ಅಂತ? ಗಿರಾಕಿಯನ್ನು ಅವಳೇ ಹುಡುಕಿದಳು. ನಾನು ಹೇಳಿದ ಬೆಲೆಗೆ ಒಂದು ಕಾಸೂ ಚೌಕಾಸಿ ಮಾಡದೆ ಕೊಂಡರಂತೆ. ಇಂಥ ಗಿರಾಕಿ, ನಿನ್ನಂಥ ಬಾಡಿಗೆದಾರಳು! ಜಗತ್ತಿನಲ್ಲಿ ಬುದ್ಧಿ ಕಡಿಮೆ ಇರುವವರು ಇರುವುದರಿಂದಲೇ ವಾಣಿಜ್ಯಶಾಸ್ತ್ರ ನಡೆಯುತ್ತದೆ.

ಸೊನ್ನೆ

ಫೆಬ್ರವರಿ 16

ಸೊನ್ನೆ,

ಏರಿಸಬೇಡ ಅಂತ ಎರಡು ಸಲ ಬರೆದು ಹರಿದೆ. ಕೊನೆಗೆ ನಿನ್ನ ಕಾಗದವನ್ನೇ ಅವಳಿಗೆ ಕೊಟ್ಟೆ. ಪೂರ್ತಿ ಓದಿದಳು. ಮಡಚಿ ಕೊಟ್ಟು "ಕೊಡ್ತೀನಿ ಅಂತ ಹೇಳಿ" ಅಂದಳು. ಅಷ್ಟೇ.

ಹೋಲ್ಡರ್ ಹಾಕಿಸುವುದಕ್ಕೆ ಎಲೆಕ್ಟ್ರಿಷಿಯನ್‌ನನ್ನು ಕರೆಸಲೇ? ದುರಸ್ತಿ ಅಂದರೆ ಇಬ್ಬರ ಒಪ್ಪಿಗೆ ಬೇಕು ಅಂತ ಕರಾರಿನಲ್ಲಿ ಬರೆದಿದ್ದೀಯ. ಒಪ್ಪಿಗೆ ಕಳಿಸು.

ಅಕ್ಕ

ಫೆಬ್ರವರಿ 27

ಅಕ್ಕಾ,

ಗೆದ್ದೆವು! ಐದೂ ಕಾಲು ದಾಟಿತು!

ಹೋಲ್ಡರಿನ ಬಗ್ಗೆ: ಒಬ್ಬನೇ ಎಲೆಕ್ಟ್ರಿಷಿಯನ್ ಹೇಳಿದ ದರಕ್ಕೆ ತಲೆಯಾಡಿಸಿದರೆ ನಾಳೆ ಅವನು ನಮ್ಮ ತಲೆಯ ಮೇಲೇ ವೈರಿಂಗ್ ಮಾಡುತ್ತಾನೆ. ಮೂರು ಜನರಿಂದ ದರಪಟ್ಟಿ ತರಿಸು. ನಾನು ಹೋಲಿಸಿ ನೋಡುತ್ತೇನೆ. ಅಲ್ಲಿಯವರೆಗೆ ಗೋಡೆ ಹಿಡಿದು ಹತ್ತಲಿ. ಗೋಡೆಯೂ ಬಾಡಿಗೆಯಲ್ಲೇ ಸೇರಿದೆ.

ಇಲ್ಲೂ ಮಿತವ್ಯಯದ ಗಾಳಿ ಬೀಸುತ್ತಿದೆ. ನಮ್ಮವಳು ವಾರಕ್ಕೆ ಮೂರು ದಿನ ಗ್ರಂಥಾಲಯಕ್ಕೆ ಹೋಗುತ್ತಾಳೆ, ನಿನಗೆ ಗೊತ್ತಲ್ಲ. ಈ ತಿಂಗಳಿಂದ ಬಸ್ಸು ಬಿಟ್ಟು ನಡೆದೇ ಹೋಗುತ್ತಿದ್ದಾಳೆ. "ಯಾಕೆ?" ಅಂದೆ. "ಬಸ್ಸಿಗೆ ಈಗ ಹೆಚ್ಚಾಗಿದೆ" ಅಂದಳು. ನಾನು ವಿಚಾರಿಸಿದೆ, ಬಸ್ ದರ ಏರಿಲ್ಲ. ಹೆಂಗಸರ ಲೆಕ್ಕ! ಆ ಮೂರು ದಿನ ಮನೆ ಎಷ್ಟು ಪ್ರಶಾಂತ ಅಂದರೆ ನಾನು ಎರಡೆರಡು ಅಂಕಣ ಬರೆಯುತ್ತೇನೆ. ಎರಡನೆಯದು ಮಾತ್ರ ಯಾಕೋ ಸಪ್ಪೆ ಬರುತ್ತದೆ.

ಸೊನ್ನೆ

ಏಪ್ರಿಲ್ 12

ಸೊನ್ನೆ,

ಶುಕ್ರವಾರ ಐದು ಗಂಟೆಗೆ ಅವಳು ಮೆಟ್ಟಿಲಲ್ಲಿ ಬಿದ್ದಳು. ಎರಡೂ ಕಂಕುಳಲ್ಲಿ ಪ್ಯಾಂಟಿನ ಗಂಟು ಇತ್ತು, ಗೋಡೆ ಹಿಡಿಯಲು ಕೈ ಇರಲಿಲ್ಲ. ಒಂಬತ್ತು ಮೆಟ್ಟಿಲು. ನಾನು ಅಡುಗೆಮನೆಯಲ್ಲಿದ್ದೆ. ಸದ್ದು ಕೇಳಿ ಓಡಿದೆ. ಬಲಗೈ ಮಣಿಕಟ್ಟು ಮುರಿದಿದೆ. ಮೂವತ್ತೆಂಟು ವರ್ಷ ನರ್ಸ್ ಆಗಿದ್ದವಳು ನಾನು, ಕತ್ತಲಲ್ಲಿ ಮುಟ್ಟಿದರೇ ತಿಳಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆ.

ಮೂರನೇ ದರಪಟ್ಟಿ ಇನ್ನೂ ಬಂದಿರಲಿಲ್ಲ.

ಅಕ್ಕ

ಏಪ್ರಿಲ್ 17

ಅಕ್ಕಾ,

ಛೆ! ಮನಸ್ಸಿಗೆ ಬೇಸರವಾಯಿತು, ಸುಳ್ಳಲ್ಲ. ಆದರೆ ಬೇಸರವನ್ನೂ ಹೊಣೆಯನ್ನೂ ಬೇರೆ ಬೇರೆ ಖಾನೆಯಲ್ಲಿಡುವುದು ಶಾಸ್ತ್ರ. ಮೆಟ್ಟಿಲು ನಮ್ಮದು, ಬಿದ್ದದ್ದು ಅವಳದು. ಎರಡೂ ಕಂಕುಳಲ್ಲಿ ಗಂಟು ಹೊತ್ತು ಇಳಿದದ್ದು ಅವಳ ಅಜಾಗರೂಕತೆ. ಆದರೂ ಮಾನವೀಯತೆಯಿಂದ ಆಸ್ಪತ್ರೆಯ ಖರ್ಚಲ್ಲಿ ಅರ್ಧ ಕೊಡೋಣ. ರಸೀದಿ ಕಳಿಸು. ರಸೀದಿಯಿಲ್ಲದೆ ನಾನು ಕರುಣೆಯನ್ನೂ ನಮೂದಿಸುವುದಿಲ್ಲ.

ಇದು ಮಣಿಕಟ್ಟುಗಳ ಕಾಲವಿರಬೇಕು. ನಮ್ಮವಳೂ ಅದೇ ಶುಕ್ರವಾರ ಗ್ರಂಥಾಲಯದ ಮೆಟ್ಟಿಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. "ಪುಸ್ತಕ ಓದಿ ತಲೆ ಗಟ್ಟಿಯಾಗಬೇಕು, ನೀನು ಕೈ ಗಟ್ಟಿ ಮಾಡಿಸಿಕೊಂಡು ಬಂದೆಯಲ್ಲ" ಅಂದೆ. ನಗಲಿಲ್ಲ. ಆದರೆ ನನ್ನನ್ನೇ ನೋಡುತ್ತಾ ಕೂತಳು, ಏನೋ ಕಾಯುತ್ತಿರುವವಳ ಹಾಗೆ. ಊಟಕ್ಕೆ ಕಾಯುತ್ತಿದ್ದಾಳೆ ಅಂತ ನಾನೇ ಬಡಿಸಿದೆ.

ಸೊನ್ನೆ

ಏಪ್ರಿಲ್ 20

ಸೊನ್ನೆ,

ರಸೀದಿ ಕೇಳಿದ್ದೀಯ. ಕಳಿಸಿದ್ದೇನೆ. ರೋಗಿಯ ಹೆಸರು ಮೇಲಿನ ಸಾಲಿನಲ್ಲಿದೆ.

ಅಕ್ಕ

ಏಪ್ರಿಲ್ 24

ಅಕ್ಕ,

ರಸೀದಿ ಬಂತು.

ಮೇಲಿನ ಸಾಲಿನ ಹೆಸರನ್ನು ನಾನು ಮೂವತ್ತೊಂದು ವರ್ಷದಿಂದ ಮುಂದಿನ ಕೋಣೆಯಲ್ಲಿ ಕೂತು, ಚಹಾಕ್ಕಾಗಿ, ದಿನಕ್ಕೆ ನಾಲ್ಕು ಸಲ ಕೂಗಿದ್ದೇನೆ. ಮೊದಲು ಅದೇ ಹೆಸರಿನ ಇನ್ನೊಬ್ಬಳು ಅಂದುಕೊಂಡೆ. ವಯಸ್ಸು ನೋಡಿದೆ. ವಿಳಾಸ ನೋಡಿದೆ. ನನ್ನ ವಿಳಾಸ. ರಸೀದಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ಎಡಗೈಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಿ, "ಬಂತಾ?" ಅಂದಳು. ಅಷ್ಟೇ. ಬಂತಾ!

ನೀವಿಬ್ಬರೂ ಸೇರಿ ನನಗೆ ಕೈ ಕೊಟ್ಟಿರಿ. ಒಬ್ಬಳ ಕೈ ಮುರಿದಿದೆ ಅನ್ನುವುದರಿಂದ ಕೊಟ್ಟದ್ದು ಕಡಿಮೆಯಾಗುವುದಿಲ್ಲ.

ನಾನು ಲೆಕ್ಕದ ಮನುಷ್ಯ, ಲೆಕ್ಕವನ್ನೇ ಹೇಳುತ್ತೇನೆ. ಬಾಡಿಗೆ ನನ್ನ ಮನೆಯಿಂದ ಹೊರಟಿತು. ಅರ್ಧ ಸುತ್ತು ಹಾಕಿಕೊಂಡು ನನ್ನ ಮನೆಗೇ ಬಂತು, ಇನ್ನರ್ಧ ನಿನ್ನ ಮನೆಯಲ್ಲಿ ಉಳಿಯಿತು. ನನ್ನ ಐದೂ ಕಾಲು ಅಂದರೆ ಎಡ ಜೇಬಿನಿಂದ ತೆಗೆದು, ದಾರಿಯಲ್ಲಿ ಅರ್ಧ ಚೆಲ್ಲಿ, ಬಲ ಜೇಬಿಗೆ ಹಾಕಿಕೊಂಡದ್ದು. ಅದರ ಮೇಲೆ ತೆರಿಗೆ ಬೇರೆ ಕಟ್ಟಿದ್ದೇನೆ! ವರ್ಷಗಟ್ಟಲೆ ಹುಡುಗರಿಗೆ ಬಂಡವಾಳದ ಪಾಠ ಮಾಡಿದೆ. ಈಗ ನನ್ನ ಬಂಡವಾಳವೇ ಬಯಲಾಯಿತು.

ಅದನ್ನೂ ನುಂಗಬಹುದು. ನುಂಗಲಾಗದ್ದು ಇದು: ನಾನು ಬರೆದದ್ದನ್ನೆಲ್ಲ ನೀನು ಅವಳಿಗೆ ಓದಿಸಿದ್ದೀಯ. "ಬುದ್ಧಿ ಕಡಿಮೆ ಇರುವವರು." "ಗೋಡೆ ಹಿಡಿದು ಹತ್ತಲಿ." ಅವಳು ಓದಿ, ಬಸ್ಸು ಬಿಟ್ಟು ನಡೆದುಕೊಂಡು ಮನೆಗೆ ಬಂದು, ನನಗೆ ಚಹಾ ಮಾಡಿಕೊಟ್ಟಳು. ನಾನು "ಸಕ್ಕರೆ ಕಡಿಮೆ" ಅಂದೆ. ಬಾಡಿಗೆದಾರಳ ಗಂಡ ಎಂಥ ಪ್ರಾಣಿಯೋ ಅಂತ ಇಡೀ ಊರಿಗೆ ಕೇಳುವ ಹಾಗೆ ನಕ್ಕೆನಲ್ಲ, ಆಗಲಾದರೂ ನೀನು ಒಂದು ಸಾಲು ಬರೆಯಬಾರದಿತ್ತೇ? ಒಡಹುಟ್ಟಿದವಳು ನೀನು.

ಮಹಡಿ ಮನೆ ಮಾರುತ್ತೇನೆ. ಅವಳು ನಿನ್ನೆ ಸಂಜೆಯೇ ಒಂದು ಚೀಲ ತೆಗೆದುಕೊಂಡು ಅಲ್ಲಿಗೆ ಹೊರಟಳು. "ಎಷ್ಟು ದಿನ?" ಅಂದೆ. "ಈ ತಿಂಗಳ ಬಾಡಿಗೆ ಕೊಟ್ಟಾಗಿದೆ" ಅಂದಳು. ಮನೆಯೇ ಇಲ್ಲದಿದ್ದರೆ ಎಲ್ಲಿ ಇರುತ್ತಾಳೋ ನೋಡೋಣ.

ತಮ್ಮ

ಏಪ್ರಿಲ್ 28

ತಮ್ಮ,

ಹೋದ ವರ್ಷ ಒಂದು ಮಧ್ಯಾಹ್ನ ಗೇಟಿನ ಮುಂದೆ ತಳ್ಳುಗಾಡಿ ನಿಂತಿತು. ಗಾಡಿಯ ಮೇಲೆ ಹೊಲಿಗೆ ಯಂತ್ರ, ಪಕ್ಕದಲ್ಲಿ ಅವಳು. "ಅತ್ತಿಗೆ, ಇದನ್ನ ಅವರಿಂದ ನಾನೇ ಕೊಂಡುಕೊಂಡೆ. ಇಡೋದಕ್ಕೆ ಜಾಗ ಇಲ್ಲ. ಮಹಡಿ ಖಾಲಿ ಇದೆಯಲ್ಲ, ಬಾಡಿಗೆ ಎಷ್ಟು?" ಅಂದಳು. ಬಾಡಿಗೆ ಬೇಡ ಅಂದೆ. "ಪುಕ್ಕಟೆ ಇದ್ರೆ ಅವರ ಮನೆ ಆಗತ್ತೆ. ಬಾಡಿಗೆ ಕೊಟ್ರೆ ನನ್ನದು" ಅಂದಳು. ನಿನಗೆ ಹೇಳಬೇಡಿ ಅಂತ ಅವಳು ಕೇಳಲಿಲ್ಲ. ನಾನೇ ಹೇಳಲಿಲ್ಲ. ನೀನಾಗಿ ಕಂಡುಕೊಳ್ಳುತ್ತೀಯ ಅಂತ ಕಾಯ್ದೆ. ವಾರ ಬರೆದೆ, ಗಂಟೆ ಬರೆದೆ, ಅವಳ ಮಾತನ್ನು ಹಾಗೇ ಬರೆದೆ. ಮೂವತ್ತೊಂದು ವರ್ಷ ಜೊತೆಗಿದ್ದವನಿಗೆ ಇಷ್ಟು ಗುರುತು ಸಾಲದು ಅಂತ ನನಗೆ ಗೊತ್ತಿರಲಿಲ್ಲ.

ಮೋಸ ಮಾಡಿದೆನೇ? ಮಾಡಿದೆ. ಆ ತೂಕ ನನಗಿರಲಿ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಅಮ್ಮ ಯಾರಿಗೋ ಹೇಳುತ್ತಿದ್ದಳು. ಯಾರಿಗೆ ಅಂತ ಈಗ ನೆನಪಾಗುತ್ತಿದೆ.

ಅವಳ ಕಾಗದ ಇದರ ಜೊತೆಗಿದೆ.

ಅಕ್ಕ

ಏಪ್ರಿಲ್ 27

ಮಹಡಿ ಮನೆಯ ಅರ್ಧ ಮಾಲೀಕರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ, ವಿಷಯ ನೆಟ್ಟಗಿದೆ.

ಮನೆ ಮಾರುತ್ತೀರಿ ಅಂತ ಅತ್ತಿಗೆ ಹೇಳಿದರು. ಮಾರಬಹುದು. ಮೂರು ತಿಂಗಳು ಮುಂಚೆ ತಿಳಿಸಬೇಕು. ಕರಾರಿನ ನಾಲ್ಕನೇ ಕಲಮು, ನೀವೇ ಬರೆದದ್ದು.

ಆ ಬಾಡಿಗೆ ನಿಮ್ಮ ಜೇಬಿನದು ಅಂತ ಬರೆದಿದ್ದೀರಂತೆ. ಅಲ್ಲ. ತಿಂಗಳಿಗೆ ತೊಂಬತ್ತು ಪ್ಯಾಂಟಿನ ಅಂಚು. ನೀವು ಏರಿಸಿದ ಮೇಲೆ ತೊಂಬತ್ತೊಂಬತ್ತು. ಒಂಬತ್ತು ಅಂಚು ಹೆಚ್ಚು ಹೊಲಿಯುವುದು ಕಷ್ಟವಲ್ಲ. ಹೊಲಿಯುವಾಗ ನಿಮ್ಮ ಕಾಗದ ಬಾಯಿಪಾಠ ಬರುತ್ತಿತ್ತು, ಅದು ಕಷ್ಟ.

ಮೋಸ ಹೋದೆ ಅನ್ನುತ್ತೀರಿ. ಇರಬಹುದು. ನಮ್ಮಮ್ಮ ನನ್ನ ಗುರುತು ಹಿಡಿಯದೆ "ನೀವು ಯಾರ ಮನೆಯವರಮ್ಮಾ?" ಅಂತ ಕೇಳಿದ ದಿನ ನಿಮ್ಮ ಮುಂದೆ ಅತ್ತಿದ್ದೆ. ನೀವು ಬೆನ್ನು ಸವರಿದಿರಿ. ಎರಡನೇ ಭಾನುವಾರ ಅದು "ಅತ್ತೆಯ ಮರೆವು, ಅಳಿಯನ ಗೆಲುವು" ಅಂತ ಪೇಪರಿನಲ್ಲಿ ಬಂತು. ಬಸ್ಸಿನಲ್ಲಿ ಮುಂದಿನ ಸೀಟಿನವರು ಜೋರಾಗಿ ಓದಿ ನಗುತ್ತಿದ್ದರು. ನಾನೂ ನಕ್ಕೆ. ಪಕ್ಕದವರಿಗೆ ಅನುಮಾನ ಬರಬಾರದಲ್ಲ.

ಅಂಕಣ ಶುರುವಾಗಿ ಹನ್ನೊಂದು ವರ್ಷ. ಅಡುಗೆಮನೆಯಲ್ಲಿ ನಾನಂದದ್ದು ಭಾನುವಾರ ಅಂಗಡಿ ಬೀದಿಯಲ್ಲಿ ಕೇಳಿಸುತ್ತದೆ. ಅದಕ್ಕೇ ಮನೆಯಲ್ಲಿ "ಹ್ಞೂಂ" ಒಂದನ್ನೇ ಇಟ್ಟುಕೊಂಡೆ. "ಹ್ಞೂಂ" ಅಚ್ಚು ಹಾಕಿಸಿದರೆ ಯಾರೂ ನಗುವುದಿಲ್ಲ. ಮಹಡಿಯಲ್ಲಿ ನಾನು ಗಟ್ಟಿಯಾಗಿ ಮಾತಾಡಿಕೊಳ್ಳುತ್ತೇನೆ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ನಿಮ್ಮ ನಮೂನೆಗೆ ಉತ್ತರ ಕೊಟ್ಟ ದಿನ ಮಾತ್ರ ಮೈಮರೆತೆ. ಅದೂ ಅಚ್ಚಾಯಿತು.

ಮೆಟ್ಟಿಲಿಗೆ ಬಲ್ಬು ಹಾಕಿಸಲೇ ಅಂತ ಅತ್ತಿಗೆ ಎರಡು ಸಲ ಕೇಳಿದರು. ಬೇಡ ಅಂದೆ. ತೆಗೆದವರು ಹಾಕಲಿ. ಅಲ್ಲಿಯವರೆಗೆ ಟಾರ್ಚ್ ಇದೆ.

ಇಂತಿ,
ಬಾಡಿಗೆದಾರಳು

ಮೇ 19

ಅಕ್ಕ,

ಅವಳ ಕಾಗದ ಓದಿದೆ. ಉತ್ತರ ಕೊಡುವ ಅಗತ್ಯ ಕಾಣಲಿಲ್ಲ. ನನ್ನ ಜೊತೆ ಒಂದು ಮಾತು ಆಡದೆ, ಮೂರು ದಿನ ಮೂರು ದಿನ ಅಂತ ಕಂತಿನಲ್ಲಿ ನನ್ನನ್ನು ಬಿಟ್ಟುಹೋದವಳು ಅವಳು. ನಾನು ಬರೆದದ್ದನ್ನು ಎಲ್ಲರೆದುರು ಬರೆದೆ, ಅವಳು ಮಾಡಿದ್ದನ್ನು ಬೆನ್ನ ಹಿಂದೆ ಮಾಡಿದಳು. ಯಾವುದು ಹೆಚ್ಚು?

ನಾನು ಚೆನ್ನಾಗಿದ್ದೇನೆ. ಕೇಳಿದರೆ ಹೇಳು, ಬಹಳ ಚೆನ್ನಾಗಿದ್ದೇನೆ. ಅಡುಗೆ ನಾನೇ ಮಾಡುತ್ತೇನೆ, ತಿನ್ನುವವನೂ ನಾನೇ ಆದ್ದರಿಂದ ದೂರುಗಳಿಲ್ಲ. ಆ ಬೀದಿಯ ಕಡೆ ತಲೆ ಹಾಕಿಲ್ಲ, ಹಾಕುವುದೂ ಇಲ್ಲ. ಇನ್ನು ಅಂಕಣ: ಹನ್ನೊಂದು ವರ್ಷದ ಹಾಸ್ಯ ನನ್ನ ಸ್ವಂತ ಬೆವರು. ಅವಳ ಅಡುಗೆಮನೆಯಿಂದ ಒಂದು ಸಾಲನ್ನೂ ಸಾಲ ತಂದವನಲ್ಲ. ಅವಳಿಲ್ಲದೆ ಇನ್ನೂ ಚೆನ್ನಾಗಿ ಬರೆದು ತೋರಿಸುತ್ತೇನೆ, ನೋಡುತ್ತಿರು.

ಮನೆಗೆ ಗಿರಾಕಿ ಸಿಕ್ಕಿದ್ದಾರೆ, ಔಷಧಿ ಅಂಗಡಿಯವರು. ನಾವು ಕೊಟ್ಟದ್ದರ ಮೇಲೆ ಐದನೇ ಒಂದು ಭಾಗ ಲಾಭ. ಈ ಜನ್ಮದಲ್ಲಿ ಬಾಡಿಗೆಯಿಂದ ಅಷ್ಟು ಬರುತ್ತಿರಲಿಲ್ಲ. ಬರುವ ತಿಂಗಳು ಮನೆ ತೋರಿಸುತ್ತೇನೆ. ಮೂರು ತಿಂಗಳ ನೋಟಿಸನ್ನು ಬಾಡಿಗೆದಾರಳಿಗೆ ತಲುಪಿಸು. ನೀನು ನಿನ್ನ ಅರ್ಧಕ್ಕೆ ಸಹಿ ಹಾಕಿದರೆ ಸರಿ, ಇಲ್ಲದಿದ್ದರೆ ನನ್ನ ಅರ್ಧವನ್ನಾದರೂ ಮಾರುತ್ತೇನೆ.

ತಮ್ಮ

ಜೂನ್ 21

ತಮ್ಮ,

ಮೂರು ವಿಷಯ.

ಔಷಧಿ ಅಂಗಡಿಯವರು ನನ್ನ ಹತ್ತಿರ ಬಂದಿದ್ದರು. ಛಾವಣಿ ಸೋರುತ್ತೆ, ಗೋಡೆಗೆ ಗೆದ್ದಲು, ಕೆಳಗಿನ ಮನೆಯ ಮುದುಕಿ ಜಗಳಗಂಟಿ ಅಂತ ನೀನೇ ಹೇಳಿದೆಯಂತೆ. "ಮಾರುವವರೇ ಹೀಗೆ ಹೇಳಿದರೆ ಹೇಗಮ್ಮಾ?" ಅಂದರು. ಮುದುಕಿ ನಾನೇ ಅಂದೆ. ಎದ್ದು ಹೋದರು.

ಎರಡು, ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಇಡೀ ಕಟ್ಟಡದ ಫ್ಯೂಸ್ ಸುಟ್ಟಿತು.

ಮೂರು, ಆಮೇಲೆ ನೋಡಿದರೆ ಮೆಟ್ಟಿಲ ಬುಡದಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಎಡಗಾಲಿನದು. ಪಟ್ಟಿಗೆ ದಪ್ಪ ಕಪ್ಪು ದಾರದ ಹೊಲಿಗೆ ಇದೆ. ಆ ಹೊಲಿಗೆ ಯಾರದು ಅಂತ ನೋಡಿದ ಕೂಡಲೇ ಹೇಳಬಲ್ಲೆ.

ಇವುಗಳಿಗೆ ಒಂದಕ್ಕೊಂದು ಸಂಬಂಧವಿದ್ದರೆ ಬರೆ.

ಅಕ್ಕ

ಜೂನ್ 25

ಅಕ್ಕಾ,

ಸಂಬಂಧವಿದೆ.

ಗಿರಾಕಿಯನ್ನು ಮನೆ ತೋರಿಸುವುದಕ್ಕೇ ಕರೆದುಕೊಂಡು ಬಂದೆ. ನಿನ್ನ ಗೇಟು ದಾಟಿದ್ದೆವು. ಮೇಲಿನಿಂದ ಗೂಡ್ಸ್ ರೈಲಿನ ಸದ್ದು ಬಂತು. ಕೈ ಸರಿಹೋಗಿದೆ ಅಂತ ಅದರಿಂದಲೇ ತಿಳಿಯಿತು, ಯಾರೂ ಹೇಳಿರಲಿಲ್ಲವಲ್ಲ. ರೈಲು ನಿಲ್ಲುವುದು, ಮತ್ತೆ ಹೊರಡುವುದು. ಒಂದು ಅಂಚು, ಇನ್ನೊಂದು ಅಂಚು. ಅವರು "ಬಾಡಿಗೆಯವರು ಯಾವಾಗ ಬಿಡ್ತಾರೆ?" ಅಂದರು. ನನ್ನ ಬಾಯಿಂದ ಬಂದದ್ದು "ಛಾವಣಿ ಸೋರುತ್ತೆ." ಯಾಕೆ ಅಂತ ಕೇಳಬೇಡ. ಮುದುಕಿಯ ವಿಷಯಕ್ಕೆ ಮಾತ್ರ ಕ್ಷಮೆ ಇರಲಿ, ಗೆದ್ದಲು ಸಾಲದಾಯಿತು. ಮನೆ ಮಾರುವುದಿಲ್ಲ. ಬಾಡಿಗೆಯನ್ನು ಹಿಂದಿನದಕ್ಕೆ ಇಳಿಸು, ತೊಂಬತ್ತಕ್ಕೆ. ಬ್ಯಾಂಕು ಗೆದ್ದುಕೊಳ್ಳಲಿ.

ಇನ್ನು ಫ್ಯೂಸ್. ಗುರುವಾರ ಹೊಸ ಹೋಲ್ಡರ್, ಅದೇ ಹಳೇ ಬಲ್ಬು ಜೇಬಿಗೆ ಹಾಕಿಕೊಂಡು ಬಂದೆ. ಐದು ತಿಂಗಳು ಅದರ ಬೆಳಕಿನಲ್ಲಿ ನಿನಗೆ ಬರೆದಿದ್ದೇನೆ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ, ನಾನೇ ಆ ಬುಡದಲ್ಲಿ ಕೂತಿದ್ದವನು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ತಡಕಾಡಿಕೊಂಡು ಒಂಬತ್ತು ಮೆಟ್ಟಿಲು ಹತ್ತಿದೆ. ಎಣಿಸಿದೆ. ಗಂಟು ಇಲ್ಲದೆ, ಎರಡೂ ಕೈ ಖಾಲಿ ಇದ್ದೇ ಎರಡು ಸಲ ಎಡವಿದೆ. ತಂತಿಯನ್ನು ಎಲ್ಲೆಲ್ಲಿಗೋ ಸೇರಿಸಿದೆ. ಠಪ್ ಅಂತ ನೀಲಿ ಕಿಡಿ ಹಾರಿತು. ಕೆಳಗೆ ನಿನ್ನ ಫ್ಯಾನು, ಮೇಲೆ ಅವಳ ರೈಲು, ಎಲ್ಲ ನಿಂತವು. ಅವಳು ಈಗ ಯಂತ್ರಕ್ಕೆ ಮೋಟಾರು ಹಾಕಿಸಿದ್ದಾಳೆ ಅಂತ ನನಗೇನು ಗೊತ್ತು!

ಬಾಗಿಲು ತೆರೆಯಿತು. ಕತ್ತಲಲ್ಲಿ ಅವಳ ದನಿ: "ಯಾರು?"

ಅಕ್ಕಾ, ಊರು ನಗಿಸಿದವನು ನಾನು. ಆ ಒಂದು ಪದಕ್ಕೆ ಉತ್ತರವಾಗಿ ನನ್ನ ಹತ್ತಿರ ಇದ್ದದ್ದು, "ಎಲೆಕ್ಟ್ರಿಷಿಯನ್."

ಅವಳು ಉಸಿರಾಡುವುದು ಕೇಳುತ್ತಿತ್ತು. ನಗು ತಡೆಯುತ್ತಿದ್ದಾಳೋ, ಅಳುತ್ತಿದ್ದಾಳೋ, ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಕಲಿಯಬೇಕಾಗಿದ್ದ ಪಾಠ ಅದೊಂದೇ ಆಗಿತ್ತೇನೋ. ಆಮೇಲೆ ಅವಳು ಬಹಳ ಮರ್ಯಾದೆಯಿಂದ ಅಂದಳು:

"ಎಲೆಕ್ಟ್ರಿಷಿಯನ್ನರೇ, ಮೊದಲು ಮೇನ್ ಆಫ್ ಮಾಡ್ಬೇಕು. ಆಮೇಲೆ ಕೈ ಹಾಕ್ಬೇಕು. ನೀವು ಯಾವಾಗ್ಲೂ ಉಲ್ಟಾ."

ಬಾಗಿಲು ಹಾಕಿಕೊಂಡಿತು. ನಾನು ಓಡಿದೆ. ಬಲಗಾಲಿನ ಚಪ್ಪಲಿ ಮಾತ್ರ ಸಿಕ್ಕಿತು. ಬಸ್ಸಿನಲ್ಲಿ ಒಂದು ಕಾಲನ್ನು ಸೀಟಿನ ಕೆಳಗೆ ಬಚ್ಚಿಟ್ಟುಕೊಂಡು ಬಂದೆ.

ನೀನು ಫ್ಯೂಸ್ ಹಾಕಿದ ಮೇಲೆ ಬಲ್ಬು ಉರಿಯಿತೇ? ಬರೆ. ಉರಿಯದಿದ್ದರೆ ಮತ್ತೆ ಬರುತ್ತೇನೆ, ಮೇನ್ ಆಫ್ ಮಾಡುತ್ತೇನೆ.

ಚೆನ್ನಾಗಿದ್ದೇನೆ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಸ್ವಂತ ಬೆವರು ಅಂದದ್ದೂ. ಅವಳು ಹೋದ ಮೇಲೆ ನಾಲ್ಕು ಅಂಕಣ ಕಳಿಸಿದೆ. ಸಂಪಾದಕರು ನಾಲ್ಕನ್ನೂ ಹಿಂದಕ್ಕೆ ಕಳಿಸಿ, "ಸಾರ್, ಮನೆಯೊಡತಿ ಊರಲ್ಲಿಲ್ಲವೇ?" ಅಂತ ಕೇಳಿದರು. ಹಳೆಯ ಕತ್ತರಿಕೆಗಳನ್ನೆಲ್ಲ ತೆಗೆದು ಕೂತು ಓದಿದೆ. ಜನ ನಗುವ ಸಾಲಿನ ಕೆಳಗೆಲ್ಲ ಗೆರೆ ಎಳೆದೆ. ಗೆರೆ ಬಿದ್ದದ್ದೆಲ್ಲ ಅವಳಂದದ್ದು. ನನ್ನವು ಮುಂದಿನ ಸಾಲುಗಳು, ಜೋಕನ್ನು ವಿವರಿಸುವಂಥವು. ಹನ್ನೊಂದು ವರ್ಷ ನಾನಿದ್ದದ್ದು ಅವಳ ಮಾತಿನ ಮನೆಯಲ್ಲಿ. ಒಂದು ತಿಂಗಳಾದರೂ ಬಾಡಿಗೆ ಕೊಟ್ಟವನಲ್ಲ. ಆದ್ದರಿಂದ ಅಂಕಣ ನಿಲ್ಲಿಸಿದ್ದೇನೆ. ಸಂಪಾದಕರಿಗೆ ಬರೆದಾಗಿದೆ. ಇನ್ನು ಮೇಲೆ ಅವಳ ಒಂದು ಮಾತೂ ನನ್ನ ಪೆನ್ನಿಗೆ ಬೀಳುವುದಿಲ್ಲ. ಇದನ್ನು ಅವಳಿಗೆ ಹೇಳು. ಗಟ್ಟಿ ಮನಸ್ಸಿನವನಾಗಿದ್ದಾನೆ ಅಂತಲೂ ಹೇಳು.

ಬೇಡ, ಅದನ್ನು ಹೇಳಬೇಡ. ಈ ಲಕೋಟೆಯಲ್ಲಿ ಇನ್ನೆರಡು ಹಾಳೆ ಸಿಗುತ್ತವೆ. ತಲೆಬರಹ "ಎಲೆಕ್ಟ್ರಿಷಿಯನ್ನರೇ." ಗುರುವಾರ ಬಸ್ಸಿನಲ್ಲೇ ಬರೆಯಲು ಶುರು ಮಾಡಿದ್ದೆ, ಕಾಲು ಬಚ್ಚಿಟ್ಟುಕೊಂಡೇ. ಇಷ್ಟು ಒಳ್ಳೆಯದನ್ನು ಹನ್ನೊಂದು ವರ್ಷದಲ್ಲಿ ಬರೆದಿಲ್ಲ. ಹರಿದು ಹಾಕಲು ಮೂರು ಸಲ ಕೂತೆ. ಮೂರು ಸಲವೂ ತಿದ್ದಿ ಎದ್ದೆ.

ದಮ್ಮಯ್ಯ, ನೀನೇ ಹರಿ. ನನ್ನ ಕೈಯಲ್ಲಿ ಆಗುತ್ತಿಲ್ಲ.

ನಿನ್ನ
ಸೊನ್ನೆ